ಎಷ್ಟು ವಾರದ ಪ್ರೋಗ್ರಾಮು?

ಇಲಕಲ್ಲಿನ ನೇಕಾರರ ಸಂಘದ ಕಾರ್ಯದರ್ಶಿಗಳು ನನಗೆ ಕೇಳಿದ ಮೊದಲ ಪ್ರಶ್ನೆ, “ಪ್ರೋಗ್ರಾಮು ಹೆಂಗ ಕೊಡ್ತೀರಿ ಅಕ್ಕೋರ?” ಸಂತೆಯಲ್ಲಿ ಬದನೆಕಾಯಿ ಹೆಂಗ ಕೊಡ್ತೀರಿ ಎಂದು ಕೇಳುವ ಧಾಟಿಯೇ ಅದು. ನನಗೆ ಸಿಟ್ಟು ಬಂತು. ಅವರು ಹಾಗೆ ಕೇಳಿದರೆಂದಲ್ಲ, ಅದಕ್ಕೆ ಉತ್ತರ ನನಗೂ ಗೊತ್ತಿಲ್ಲವೆಂದು. ಪ್ರೋಗ್ರಾಮು ಬರೆಯುವುದು ನನಗೆ ಬರುತ್ತಿತ್ತು. ಅದಕ್ಕೆ ಬೆಲೆ ಕಟ್ಟುವುದು ಬರುತ್ತಿರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಅದಕ್ಕೂ ಮೊದಲು ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿ ಬೇರೆಯವರ ಲೆಕ್ಕಪತ್ರದ ಕೆಲಸವನ್ನು ಗುತ್ತಿಗೆ ಹಿಡಿದು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿತ್ತು. ದರದ ಮಾತುಕತೆಯೆಲ್ಲ ಮೇಲಿನ ಮಾಳಿಗೆಯಲ್ಲಿ, ಬಾಗಿಲು ಹಾಕಿಕೊಂಡು. ಕೆಳಗೆ ಕೂತು ಬರೆಯುವ ನಮಗೆ ತಿಳಿಯುತ್ತಿದ್ದುದು ಒಂದೇ: ಈ ಕೆಲಸಕ್ಕೆ ಇಷ್ಟು ವಾರ, ಅಷ್ಟರೊಳಗೆ ಮುಗಿಸಬೇಕು. ಗಂಡನಿಗೆ ಬಾಗಲಕೋಟೆಯ ಬ್ಯಾಂಕಿಗೆ ವರ್ಗವಾದಾಗ ನಾನೂ ಗಂಟುಮೂಟೆ ಕಟ್ಟಿಕೊಂಡು ಬಂದೆ. ನನ್ನ ತವರು ಕೆರೂರು. ಮಗಳು ಹತ್ತಿರ ಬಂದಳೆಂದು ಅವ್ವನಿಗೆ ಹಾಲು ಕುಡಿದಷ್ಟು ಸಂತೋಷ. ನನಗೆ ಮಾತ್ರ ಕೈ ಕಟ್ಟಿ ಹಾಕಿದಂತಾಯಿತು. ಗಂಡನ ಗೆಳೆಯರೊಬ್ಬರ ಟೈಪಿಂಗ್ ಸಂಸ್ಥೆಯಲ್ಲಿ ಎ ಎಸ್ ಡಿ ಎಫ್ ಬಡಿಯಲು ಕಲಿಸುತ್ತ ಎರಡು ವರ್ಷ ಕಳೆದೆ. ಆ ಟಕಟಕ ಸದ್ದಿಗೆ ಪುಣೆಯಲ್ಲಿ ಕಲಿತದ್ದೆಲ್ಲ ತಲೆಯಿಂದ ಉದುರಿಹೋಗುತ್ತಿದೆ ಅನಿಸುತ್ತಿತ್ತು.

ಸಂಸ್ಥೆಯ ಮಾಲಕರು ಧೈರ್ಯದ ಮನುಷ್ಯ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಂದ ಒಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ತಿಂಗಳ ಬಾಡಿಗೆಗೆ ತಂದರು. ಶನಿವಾರ ತುಳಸಿಗೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದು ಮಶೀನಿಗೆ ಕುಂಕುಮ ಹಚ್ಚಿದರು. ಕುಂಕುಮ ಕೀಲಿಗಳ ಸಂದಿಗೆ ಬೀಳದಂತೆ ನಾನು ಕೆಳಗೆ ಅಂಗೈ ಒಡ್ಡಿ ನಿಂತಿದ್ದೆ. ಗೆಳೆಯನ ಹೆಂಡತಿಯೆಂದು ಅವರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಆಮೇಲೆ ಅವರು ನನಗೆ ಹೇಳಿದ್ದು ನೇರ ಮಾತು. “ವೈನಿ, ಶ್ರಾವಣದ ತನಕ ನೋಡೂಣು. ಹೊರಗಿನ ಕೆಲಸ ಹಿಡದು ಇದರ ಬಾಡಿಗಿ ಇದು ದುಡೀತು, ಇಟ್ಕೊಳ್ಳೂಣು. ಇಲ್ಲಂದ್ರ ತಿರುಗಿ ಹುಬ್ಬಳ್ಳಿಗೆ.” ತಿರುಗಿ ಹುಬ್ಬಳ್ಳಿಗೆ ಹೋಗುವುದು ಮಶೀನು, ತಿರುಗಿ ಎ ಎಸ್ ಡಿ ಎಫ್‌ಗೆ ಹೋಗುವವಳು ನಾನು. ಆದ್ದರಿಂದ ಇಲಕಲ್ಲಿನ ಸಂಘದಿಂದ ಕರೆ ಬಂದಾಗ ನಾನು ಎರಡು ಸಲ ಯೋಚನೆ ಮಾಡಲಿಲ್ಲ.

ಹುನಗುಂದದಲ್ಲಿ ಬಸ್ಸು ಬದಲಿಸಿ ಇಲಕಲ್ಲು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಸಂಘದ ವ್ಯವಹಾರ ಹೀಗಿತ್ತು. ಅವರು ನೇಕಾರರಿಗೆ ನೂಲು, ರೇಷ್ಮೆ ಕೊಡುತ್ತಾರೆ. ನೇಕಾರರು ಮನೆಯ ಮಗ್ಗದಲ್ಲಿ ಸೀರೆ ನೇಯ್ದು ತರುತ್ತಾರೆ. ತಂದ ಸೀರೆಗೆ ಮಜೂರಿ. ಮಜೂರಿ ಎಲ್ಲ ಸೀರೆಗೂ ಒಂದೇ ಅಲ್ಲ. ಸೀರೆಯ ಉದ್ದ ಎಷ್ಟು, ದಡಿಯ, ಅಂದರೆ ಅಂಚಿನ, ನಮೂನೆ ಯಾವುದು, ಒಡಲು ನೂಲಿನದೋ ರೇಷ್ಮೆಯದೋ, ಇವೆಲ್ಲ ನೋಡಿ ದರ ಹಚ್ಚಬೇಕು. ಮಜೂರಿ ಹಂಚುವ ಬಟವಾಡೆ ಸಂತೆಯ ದಿನ. ಹಳೆಯ ಗುಮಾಸ್ತರು ನಿವೃತ್ತರಾದ ಮೇಲೆ ಆ ಲೆಕ್ಕ ಕುಂಟತೊಡಗಿತ್ತು. ಮುಂಜಾನೆ ಬಂದು ಕೂತ ಮಂದಿಗೆ ಸಂತೆ ಎದ್ದುಹೋದರೂ ರೊಕ್ಕ ಕೈಗೆ ಬರುತ್ತಿರಲಿಲ್ಲ. ರೊಕ್ಕ ಬಂದಾಗ ಸಂತೆಯಲ್ಲಿ ಬಾಡಿದ ಸೊಪ್ಪಷ್ಟೇ ಉಳಿದಿರುತ್ತಿತ್ತು. ಆ ಸಲದ ಪಂಚಮಿ ಹಬ್ಬದ ಬಟವಾಡೆಯನ್ನು ಕಂಪ್ಯೂಟರಿನ ಚೀಟಿಯಿಂದಲೇ ಮಾಡಬೇಕೆಂದು ಆಡಳಿತ ಮಂಡಳಿ ಠರಾವು ಮಾಡಿತ್ತು.

ಮಂಡಳಿಯವರು ಗಾದಿಯ ಮೇಲೆ ಸಾಲಾಗಿ ಕೂತಿದ್ದರು. ನನಗೆ ಮಾತ್ರ ಒಂದು ಕುರ್ಚಿ ಹಾಕಿ, ಎಲ್ಲರಿಗಿಂತ ಎತ್ತರದಲ್ಲಿ ಕೂಡಿಸಿ ಮುಜುಗರ ಮಾಡಿದ್ದರು. ಪ್ರೋಗ್ರಾಮು ಹೆಂಗ ಕೊಡ್ತೀರಿ ಎಂಬ ಪ್ರಶ್ನೆ ಬಂದದ್ದು ಆಗ. ಪುಣೆಯ ಮೇಲಿನ ಮಾಳಿಗೆ ನೆನಪಾಗಿ, “ವಾರದ ಲೆಕ್ಕದ ಮ್ಯಾಲೆ ಕೊಡ್ತೇನ್ರಿ. ವಾರಕ್ಕ ಇಷ್ಟು ಅಂತ,” ಎಂದೆ. ನಾನು ಹೇಳಿದ ದರ ಒಂದು ರೇಷ್ಮೆ ಸೀರೆಯ ಬೆಲೆಯ ಹತ್ತಿರ ಇತ್ತು. ಬಾಡಿಗೆ, ಕಾಗದ, ಕರೆಂಟು, ಬಸ್ಸಿನ ಖರ್ಚು, ನನ್ನ ಪಗಾರ ಎಲ್ಲ ಅಲ್ಲೇ ಬೆರಳೆಣಿಸಿ ಕೂಡಿಸಿ ಭಾಗಿಸಿ ತೆಗೆದದ್ದು. ಚೌಕಾಸಿ ಮಾಡುತ್ತಾರೆ, ಆಗ ಇಷ್ಟಕ್ಕೆ ಇಳಿಯಬೇಕು ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದಿಟ್ಟುಕೊಂಡಿದ್ದೆ.

ಚೌಕಾಸಿ ಆಗಲೇ ಇಲ್ಲ. ಅಧ್ಯಕ್ಷರು ಹಳೆಯ ಅರಿವೆ ವ್ಯಾಪಾರಿ, ಒಂದೊಂದು ಪೈಸೆಗೂ ಗುದ್ದಾಡುವವರೆಂದು ಕೇಳಿದ್ದೆ. ಅವರು ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ, “ತುಟ್ಟಿ ಆತು. ಆದ್ರ ವಾರದ ಲೆಕ್ಕ ನಮಗೂ ರೂಢಿನ ಐತಿ, ಅಡ್ಡಿಯಿಲ್ಲ. ಒಟ್ಟು ಎಷ್ಟ ವಾರ ಆಕ್ಕೈತ್ರಿ?” ಎಂದು ಕೇಳಿದರು.

“ಹತ್ತು ವಾರ ಆಗಬಹುದ್ರಿ.”

ಸದಸ್ಯರೊಬ್ಬರು “ಹಂಗಾದ್ರ ದೊಡ್ಡ ಸೀರಿಗಿಂತ ಒಂದ ಹೆಚ್ಚ,” ಎಂದರು. ಎಲ್ಲರೂ ನಕ್ಕರು. ಏನು ತಮಾಷೆಯೆಂದು ತಿಳಿಯದೆ ನಾನೂ ನಕ್ಕೆ. ದೊಡ್ಡ ಸೀರೆ ನೇಯಲು ಒಂಬತ್ತು ವಾರ ಹಿಡಿಯುತ್ತದೆಯೇನೋ ಎಂದುಕೊಂಡೆ.

ಆ ಹತ್ತು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವರ ಲೆಕ್ಕ ತಿಳಿದುಕೊಳ್ಳಲು ಎರಡು ವಾರ, ಬರೆಯಲು ಐದು, ತಪ್ಪು ತಿದ್ದಲು ಎರಡು, ಹೆದರಿಕೆಗೆ ಒಂದು. ಈಗಲೂ ನಾನು ಅಂದಾಜು ಹಾಕುವುದು ಹೀಗೆಯೇ, ಹೆದರಿಕೆಯ ಪಾಲು ಮಾತ್ರ ಬೆಳೆದಿದೆ.

ಕೆಲಸ ಶುರುವಾಯಿತು. ಮಶೀನಿಗೆ ಎರಡು ಫ್ಲಾಪಿಯ ಬಾಯಿ. ಒಂದರಲ್ಲಿ ಪ್ರೋಗ್ರಾಮು, ಇನ್ನೊಂದರಲ್ಲಿ ನೇಕಾರರ ಲೆಕ್ಕ. ಬಾಗಲಕೋಟೆಯ ಬೇಸಿಗೆಗೆ ಮನುಷ್ಯರೇ ಮೆತ್ತಗಾಗುತ್ತಾರೆ, ಫ್ಲಾಪಿಯ ಪಾಡೇನು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ತೇವದ ಚಿಂತೆ, ತೆಗೆದರೆ ಧೂಳಿನ ಚಿಂತೆ. ಕರೆಂಟು ಹೇಳದೆ ಹೋಗುತ್ತಿತ್ತು. ನಾಲ್ಕು ಸಾಲು ಬರೆಯುವುದು, ಫ್ಲಾಪಿಗೆ ಇಳಿಸುವುದು, ಮತ್ತೆ ನಾಲ್ಕು ಸಾಲು. ಅವ್ವ ಸೊಲಗಿಯಲ್ಲಿ ಜೋಳ ಅಳೆದು ಒಂದೊಂದಕ್ಕೂ ಎಣಿಕೆ ಹೇಳುತ್ತಿದ್ದ ಹಾಗೆ.

ಮೊದಲು ನಾನು ಬರೆದದ್ದು ದಡ್ಡ ದಾರಿಯಲ್ಲಿ. ಈ ಉದ್ದದ, ಈ ದಡಿಯ, ಈ ಒಡಲಿನ ಸೀರೆಯಾದರೆ ಇಷ್ಟು ಮಜೂರಿ. ಅದಲ್ಲದಿದ್ದರೆ, ಆ ದಡಿಯಾದರೆ ಅಷ್ಟು. ಹೀಗೆ ಒಂದೊಂದು ಬಗೆಗೂ ಒಂದೊಂದು ತುಂಡು. ಇನ್ನೇನು ಮುಗಿಯಿತು ಅನ್ನುವಾಗ ಕಾರ್ಯದರ್ಶಿಗಳು ಹೊಸದೊಂದು ಹೇಳುವರು. ರೇಷ್ಮೆ ನೇಕಾರನದೇ ಆಗಿದ್ದರೆ ದರ ಬೇರೆ. ಸೆರಗಿನಲ್ಲಿ ಎಳೆ ತಪ್ಪಿದ್ದರೆ ಕಡಿತ. ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, “ಎಲ್ಲಾರಿಗೂ ಗೊತ್ತಿದ್ದದ್ದ ಅಲ್ರಿ,” ಎಂಬ ಉತ್ತರ. ಆ ಎಲ್ಲರಲ್ಲಿ ನಾನಿರಲಿಲ್ಲ. ಒಂದು ನಿಯಮ ಬಂದರೆ ತುಂಡುಗಳು ಎರಡು ಪಟ್ಟಾಗುತ್ತಿದ್ದವು, ಪ್ರೋಗ್ರಾಮು ಹನುಮಪ್ಪನ ಬಾಲದಂತೆ ಬೆಳೆಯುತ್ತಿತ್ತು.

ನಾಲ್ಕು ವಾರಕ್ಕೆ ಮೊದಲ ಬಿಲ್ಲು ಕಳಿಸಿದೆ. ಕಾರ್ಯದರ್ಶಿಗಳು ಹೇಳಿ ಕಳಿಸಿದರು, ಮಾಲು ಜಮಾ ಆಗದೆ ಸಂಘದಲ್ಲಿ ಬಿಲ್ಲು ಪಾಸಾಗುವುದಿಲ್ಲ, ಆದಷ್ಟು ಮಾಲು ಕಳಿಸಿಕೊಡಿ ಎಂದು. ಯಾವ ಮಾಲು? ಯೋಚಿಸಿ ಯೋಚಿಸಿ, ಅಲ್ಲಿಯ ತನಕ ಬರೆದ ಪ್ರೋಗ್ರಾಮನ್ನು ಪ್ರಿಂಟರಿಗೆ ಹಾಕಿ ತೆಗೆದೆ. ಆಗಿನ ಕಾಗದ ಬಿಡಿ ಹಾಳೆಯಲ್ಲ. ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಪಟ್ಟಿ, ಮಡಿಕೆ ಮಡಿಕೆಯಾಗಿ ಬರುತ್ತಿತ್ತು, ಎರಡೂ ಅಂಚಿಗೆ ತೂತಿನ ಸಾಲು. ಅದನ್ನು ಹಾಗೆಯೇ ಮಡಿಚಿ ಬಸ್ಸಿನ ಕಂಡಕ್ಟರರ ಕೈಲಿ ಕಳಿಸಿದೆ.

ರೊಕ್ಕ ಬಂತು. ನಾನು ಕೇಳಿದ್ದು ನಾಲ್ಕು ವಾರದ್ದು, ಬಂದದ್ದು ಎಂಟೂವರೆ ವಾರದ್ದು. ಕೊಡುವವರು ಹೆಚ್ಚು ಕೊಟ್ಟದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಜೊತೆಗಿದ್ದ ಲೆಕ್ಕದ ಕಾಗದವನ್ನು ಹತ್ತು ಸಲ ಓದಿದೆ, ಗಂಡನಿಗೂ ತೋರಿಸಿದೆ. ಬ್ಯಾಂಕಿನವರಾದ ಅವರು ಅಂಕಿಯ ಮೇಲೆ ಬೆರಳಾಡಿಸಿ, ಕೂಡುವುದರಲ್ಲಿ ತಪ್ಪಿಲ್ಲ ಎಂದರು. ಮಾಲಕರು ಮುಂಗಡ ಇರಬೇಕು ಬಿಡ್ರಿ ಎಂದು ನೆಟ್ಟಗೆ ಬಾಡಿಗೆ ತುಂಬಿದರು. ಆ ಅರ್ಧ ವಾರ ಮಾತ್ರ ನನ್ನ ತಲೆಯಲ್ಲಿ ಹುಳದ ಹಾಗೆ ಕೂತಿತು. ಮುಂಗಡ ಕೊಡುವವರು ಅರ್ಧ ಯಾಕೆ ಕೊಡುತ್ತಾರೆ?

ಅಷ್ಟರಲ್ಲಿ ಮಂಡಳಿಯವರು ಒಂದು ದಡಿಯ ದರ ಏರಿಸಿದರು. ಪ್ರೋಗ್ರಾಮಿನಲ್ಲಿ ಆ ದರ ಎಲ್ಲೆಲ್ಲಿ ಇದೆಯೋ ಹುಡುಕಿ ಹುಡುಕಿ ತಿದ್ದಿದೆ, ಒಂದು ಕಡೆ ಬಿಟ್ಟುಹೋಯಿತು. ಪರೀಕ್ಷೆಗೆಂದು ತೆಗೆದ ಚೀಟಿಗಳಲ್ಲಿ ಒಬ್ಬ ನೇಕಾರನ ಮಜೂರಿ ಹಳೆಯ ದರದಲ್ಲೇ ಬಂತು. ಅದು ಖರೆ ಬಟವಾಡೆಯಾಗಿದ್ದರೆ ಆ ಮನೆಯವರು ಹಬ್ಬದ ಉಂಡಿಗೆ ಬೆಲ್ಲ ಕಡಿಮೆ ಕೊಳ್ಳಬೇಕಾಗುತ್ತಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಇಡೀ ಮಜೂರಿಯ ಭಾಗವನ್ನು ಕಿತ್ತು ಹೊಸದಾಗಿ ಬರೆಯುವುದೆಂದು ಆವತ್ತೇ ನಿರ್ಧಾರ ಮಾಡಿದೆ. ದರಗಳನ್ನೆಲ್ಲ ಪ್ರೋಗ್ರಾಮಿನಿಂದ ಹೊರಗೆ ತೆಗೆದು ಬೇರೆ ಒಂದು ಕೋಷ್ಟಕದಲ್ಲಿಟ್ಟೆ. ಪ್ರೋಗ್ರಾಮು ಮಾಡುವುದು ಇಷ್ಟೇ: ಸೀರೆಯ ಗುರುತು ಹಿಡಿದು ಕೋಷ್ಟಕದಲ್ಲಿ ಹುಡುಕಿ ದರ ತರುವುದು. ನಾಳೆ ದರ ಏರಿದರೆ ಕೋಷ್ಟಕದಲ್ಲಿ ಒಂದು ಅಂಕಿ ಬದಲಿಸಿದರಾಯಿತು.

ಅದಕ್ಕೆ ಹೊತ್ತು ಹಿಡಿಯಿತು. ಹೇಳಿದ ಹತ್ತು ವಾರ ಎಂದೋ ದಾಟಿತ್ತು. ಇಲಕಲ್ಲಿಗೆ ಹೋದಾಗಲೆಲ್ಲ ಕಾರ್ಯದರ್ಶಿಗಳ ಕಣ್ಣು ತಪ್ಪಿಸಿಯೇ ಮಾತಾಡುತ್ತಿದ್ದೆ. ಒಮ್ಮೆ ಅವರೇ “ಎಷ್ಟ ವಾರ ಆತ್ರಿ?” ಎಂದು ಕೇಳಿದರು. ತಲೆ ತಗ್ಗಿಸಿ, “ಹನ್ನೆರಡ ಆಗ್ಯಾವ್ರಿ,” ಎಂದೆ. ಬೈಗುಳಕ್ಕೆ ತಯಾರಾಗಿದ್ದೆ. ಅವರ ಮುಖ ಅರಳಿತು. “ಹನ್ನೆರಡ? ಛಲೋ ಆತು ಬಿಡ್ರಿ. ಲಗೂ ಕಳಸಿಕೊಡ್ರಿ,” ಎಂದು ಚಹಾ ತರಿಸಿದರು. ಕೆಲಸ ತಡವಾದರೆ ಹಿಗ್ಗುವ ಗಿರಾಕಿಯನ್ನು ನಾನು ಪುಣೆಯಲ್ಲಿ ಕಂಡಿರಲಿಲ್ಲ. ಊರಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದವರು ಅಮೀನಗಡದ ಕರದಂಟು ಕೊಟ್ಟರೆ, ಅದನ್ನೂ ಅನುಮಾನದಿಂದಲೇ ತಿಂದೆ.

ಹೊಸ ಪ್ರೋಗ್ರಾಮು ಸಿದ್ಧವಾದಾಗ ಹಳೆಯದರ ಅರ್ಧದಷ್ಟು ಸಣ್ಣದಾಗಿತ್ತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಸುಖ ಬೇರೆ ಇಲ್ಲ. ಹೆಮ್ಮೆಯಿಂದ ಪ್ರಿಂಟ್ ತೆಗೆದು, ಇದು ಹಳೆಯದರ ಬದಲಿಗೆ ಎಂದು ಒಂದು ಸಾಲು ಬರೆದು, ಬಿಲ್ಲಿನ ಜೊತೆ ಕಳಿಸಿದೆ. ಮೂರನೆಯ ದಿನ ಕಂಡಕ್ಟರರು ಕಾರ್ಯದರ್ಶಿಗಳ ಮಾತು ತಂದರು: ಮೂರೂವರೆ ವಾರದ ರೊಕ್ಕ ತಿರುಗಿ ಕೊಡಬೇಕಂತೆ.

ಮಾಡದ ಕೆಲಸಕ್ಕೆ ಕೊಟ್ಟರು, ಮಾಡಿದ ಕೆಲಸಕ್ಕೆ ಕಸಿದುಕೊಳ್ಳುತ್ತಿದ್ದಾರೆ. ಮರುದಿನ ಮೊದಲ ಬಸ್ಸಿಗೆ ಇಲಕಲ್ಲಿಗೆ ಹೊರಟೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಹೊಂದಿಸಿಕೊಂಡೆ, ಹುನಗುಂದದಲ್ಲಿ ಬಸ್ಸು ಬದಲಿಸುವಾಗ ಅದರಲ್ಲಿ ಅರ್ಧ ಮರೆತೆ.

ಸಂಘದ ಮಾರಾಟದ ಕಟ್ಟೆಯ ಮೇಲೆ ನನ್ನ ಪ್ರೋಗ್ರಾಮು ಹಾಸಿತ್ತು. ಕಾರ್ಯದರ್ಶಿಗಳು ನನ್ನ ಸಿಟ್ಟಿನ ಮುಖ ನೋಡಿ, “ಅಕ್ಕೋರ, ನಿಮ್ಮ ಕಣ್ಣ ಮುಂದ ಮಾಡ್ತೇನಿ, ನೋಡ್ರಿ,” ಎಂದರು. ಅರಿವೆ ಅಳೆಯುವ ಕಬ್ಬಿಣದ ಪಟ್ಟಿ ತೆಗೆದುಕೊಂಡು, ಕಾಗದವನ್ನು ಎಡಗೈಯಿಂದ ಎಳೆಯುತ್ತ ಬಲಗೈಯಿಂದ ಪಟ್ಟಿ ಹಚ್ಚುತ್ತ, “ಒಂದು, ಎರಡು, ಮೂರು,” ಎಂದು ಎಣಿಸಿದರು. ಐದಕ್ಕೆ ಕಾಗದ ಮುಗಿಯಿತು. “ಹನ್ನೆರಡ ವಾರ ಅಂದ್ರಿ, ಐದ ವಾರ ಕಳಸೀರಿ. ಮೊದಲಿಂದು ಎಂಟೂವರಿ ಇತ್ತು. ಅದರ ಬದಲಿಗೆ ಇದು ಅಂದಮ್ಯಾಲೆ ಮೂರೂವರಿ ನಮಗ ಬರಬೇಕೋ ಬ್ಯಾಡೋ? ಖಾಲಿ ಜಾಗಾ ಬಿಟ್ಟ ಅಳದಿಲ್ರಿ, ಕೊನಿ ಖಾಲಿ ಹಾಳಿ ಸುದ್ದಾ ಹಿಡದೇನಿ.”

ನಮ್ಮ ಕಡೆ ಗಜಕ್ಕೆ ವಾರ ಅನ್ನುತ್ತಾರೆ. ಆರು ವಾರದ ಸೀರೆ, ಎಂಟು ವಾರದ ಸೀರೆ, ಮುದುಕಿಯರು ಕಚ್ಚೆ ಹಾಕಿ ಉಡುವ ಒಂಬತ್ತು ವಾರದ ದೊಡ್ಡ ಸೀರೆ. ನಾನು ಹುಟ್ಟಿದಾಗಿನಿಂದ ಕೇಳಿದ ಮಾತು. ದರ ಹೇಳಲು ಹೋದ ದಿನ ನಾನು ಉಟ್ಟದ್ದೇ ಆರು ವಾರದ ಇಲಕಲ್ ಸೀರೆ. ಅದನ್ನು ಉಟ್ಟುಕೊಂಡು, ಸೀರೆ ಮಾರುವವರ ಎದುರು ಕೂತು, ವಾರಕ್ಕೆ ಇಷ್ಟು ಎಂದು ಹೇಳಿ ಬಂದಿದ್ದೆ. ನಾನು ಏಳು ದಿನ ಅಂದೆ, ಅವರು ಮೂರು ಅಡಿ ಕೇಳಿಸಿಕೊಂಡರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತು ಕೋಣ ಎರಡೂ ಒಂದೇ ಕಡೆಗೆ ಹೊರಟಿದ್ದೇವೆಂದು ನಂಬಿಕೊಂಡಿದ್ದವು.

ಕಟ್ಟೆಯ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಾರ್ಯದರ್ಶಿಗಳಿಗೆ ವಿವರಿಸಿದೆ. ಅವರು ಪಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, ಇದನ್ನು ತಾವೊಬ್ಬರೇ ಬಗೆಹರಿಸುವಂತಿಲ್ಲ, ಮಂಡಳಿ ಕೂಡಬೇಕು ಎಂದರು.

ಬಾಗಲಕೋಟೆಗೆ ಬಂದು ಮಾಲಕರಿಗೆ ಹೇಳಿದರೆ, ಅವರು ಕುರ್ಚಿಯ ಮೇಲೆ ಹಿಂದಕ್ಕೊರಗಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ವ್ಯಾಪಾರದ ಮಾತಿಗೆ ಬಂದರು. ವಾರವೆಂದರೆ ಗಜವೆಂದೇ ಅವರು ನಂಬಿದ್ದರೆ ಒಳ್ಳೆಯದೇ ಆಯಿತು. ಎರಡು ಸಾಲಿನ ನಡುವೆ ಎರಡು ಖಾಲಿ ಸಾಲು ಬಿಟ್ಟು ಪ್ರಿಂಟ್ ತೆಗೆಯಿರಿ, ಹದಿನೈದು ವಾರಕ್ಕೆ ಮೋಸವಿಲ್ಲ ಎಂದರು. ಹಳೆಯ ಉದ್ದದ ಪ್ರೋಗ್ರಾಮನ್ನೇ ಕೊಡಿ ಎಂದೂ ಹೇಳಿದರು. ತಮಾಷೆಗೆ ಹೇಳುತ್ತಿದ್ದಾರೋ ಖರೆಯೋ ತಿಳಿಯಲಿಲ್ಲ. ಅವರ ಬಾಡಿಗೆಯ ಸಂಕಟ ಅವರಿಗೆ. ನಾನು ಒಪ್ಪಲಿಲ್ಲ. ಧರ್ಮಕರ್ಮದ ಮಾತು ಬೇಡ; ನಾನು ಚೊಕ್ಕ ಮಾಡಿದ್ದನ್ನು ನಾನೇ ಹೊಲಸು ಮಾಡಲಾರೆ ಎಂಬ ಹಟ ಅಷ್ಟೆ. ಹಾಗೆಂದು ನನ್ನ ಅರ್ಥದ ವಾರ ಹಿಡಿದರೆ ಅದೂ ಹೊಂದುತ್ತಿರಲಿಲ್ಲ. ಹತ್ತು ಎಂದವಳು ಅಷ್ಟೊತ್ತಿಗೆ ಹದಿನೆಂಟು ವಾರ ತೆಗೆದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನೇ ಕೊಡಬೇಕು, ನನ್ನ ಲೆಕ್ಕದಲ್ಲಿ ಅವರು ಎರಡು ಪಟ್ಟು ಕೊಡಬೇಕು. ಯಾವುದು ನ್ಯಾಯ ಎಂದು ಒಂದು ಗಂಟೆ ಯೋಚಿಸಿದರೆ ಎರಡೂ ಅನ್ಯಾಯವಾಗಿ ಕಾಣುತ್ತಿತ್ತು.

ಮಂಡಳಿ ಕೂಡಿದಾಗ ನಾನು ಕುರ್ಚಿ ಬೇಡವೆಂದು ಗಾದಿಯ ತುದಿಗೆ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹತ್ತು ವಾರದ ದರ ಹೇಳಿದ್ದೆ, ಹತ್ತನ್ನೇ ಕೊಡಿ, ಮೇಲಿನ ವಾರಗಳು ನನ್ನ ಅಂದಾಜಿನ ತಪ್ಪು, ಅದಕ್ಕೆ ನಾನು ಕೇಳುವುದಿಲ್ಲ ಎಂದೆ. ಕಾಗದ ಸಣ್ಣದಾದಷ್ಟು ಪ್ರೋಗ್ರಾಮು ಛಲೋ ಎಂಬುದನ್ನೂ ವಿವರಿಸಲು ನೋಡಿದೆ. ಅರಿವೆ ವ್ಯಾಪಾರಿಗಳಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಅಧ್ಯಕ್ಷರು, “ಹತ್ತ ವಾರದ ರೊಕ್ಕ ಕೊಡಾಕ ಬರತೈತಿ. ಆದ್ರ ಮಾಲು ಐದ ಐತಿ. ಉಳದ ಐದ ವಾರ ಎಲ್ಲಿ ಹೋದೂ ಅಂತ ಕೇಳಿದ್ರ ಏನ ಹೇಳೋಣ?” ಎಂದರು.

“ನನ್ನ ತಲ್ಯಾಗ ಹೋದೂ ಅಂತ ಹೇಳ್ರಿ,” ಎಂದೆ. ಸಿಟ್ಟಿನಲ್ಲೇ ಅಂದದ್ದು. ಅವರು ನಕ್ಕುಬಿಟ್ಟರು, ಎಲ್ಲರೂ ನಕ್ಕರು, ಈ ಸಲ ಯಾಕೆಂದು ನನಗೂ ತಿಳಿಯಿತು. ಹತ್ತಕ್ಕೆ ತೀರ್ಮಾನವಾಯಿತು. ಕೊಟ್ಟದ್ದನ್ನು ಕಳೆದು ಒಂದೂವರೆ ವಾರದ ರೊಕ್ಕ ಕೈಗೆ ಬಂತು. ಕಾರ್ಯದರ್ಶಿಗಳು ನನ್ನೆದುರೇ ಐದು ವಾರದ ಆ ಕಾಗದವನ್ನು ಬಿಳಿ ಅರಿವೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ರೇಷ್ಮೆ ಸೀರೆಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಷ್ಟು ಗೌರವ ನನ್ನ ಯಾವ ಪ್ರೋಗ್ರಾಮಿಗೂ ಸಿಕ್ಕಿರಲಿಲ್ಲ. ನನಗೆ ಸಂಶಯ ಬರಬೇಕಿತ್ತು, ಬರಲಿಲ್ಲ.

ಒಂದೂವರೆ ವಾರದ ರೊಕ್ಕ ಬಾಕಿ ಬಾಡಿಗೆಯ ಅರ್ಧಕ್ಕೂ ಸಾಲಲಿಲ್ಲ. ಆಷಾಢ ಮುಗಿಯುತ್ತ ಬಂದಿತ್ತು, ಬೇರೆ ಕೆಲಸ ಒಂದೂ ಹುಟ್ಟಿರಲಿಲ್ಲ. ಮಾಲಕರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. “ಆಗಲಿಲ್ಲ ವೈನಿ,” ಎಂದಷ್ಟೇ ಹೇಳಿ, ಹುಬ್ಬಳ್ಳಿಗೆ ಟೆಂಪೋ ಕಳಿಸಲು ತಿಳಿಸಿದರು. ಮಶೀನು ಬಂದ ದಿನ ಎತ್ತಿಟ್ಟಿದ್ದ ರಟ್ಟಿನ ಡಬ್ಬಿಗಳನ್ನು ತೆಗೆದು ನಾನೇ ಅದನ್ನು ತುಂಬಿದೆ. ಕೀಲಿಗಳ ಅಂಚಿನಲ್ಲಿ ಒಂದಿಷ್ಟು ಕುಂಕುಮ ಇನ್ನೂ ಉಳಿದಿತ್ತು. ಪಕ್ಕದ ಕೋಣೆಯಲ್ಲಿ ಟಕಟಕ ನಡೆದೇ ಇತ್ತು.

ಟೆಂಪೋ ಬರುವ ದಿನ ಮುಂಜಾನೆ ಅದಕ್ಕಿಂತ ಮೊದಲು ಬಂದವರು ಇಲಕಲ್ಲಿನ ಕಾರ್ಯದರ್ಶಿಗಳು. ಒಂದು ಬಗಲಲ್ಲಿ ನೇಕಾರರ ಆ ವಾರದ ಲೆಕ್ಕದ ವಹಿ, ಇನ್ನೊಂದು ಬಗಲಲ್ಲಿ ಬಿಳಿ ಅರಿವೆಯ ಗಂಟು. ಬಿಸಿಲಿಗೆ ಮುಖ ಕೆಂಪಾಗಿತ್ತು. ನೀರು ಕುಡಿದು ಗಂಟು ಬಿಚ್ಚಿ ನನ್ನ ಮುಂದಿಟ್ಟರು. ನುಸಿಗುಳಿಗೆಯ ವಾಸನೆ ಕೋಣೆಗೆಲ್ಲ ಹಬ್ಬಿತು.

“ನಾಡದು ಪಂಚಮಿ ಬಟವಾಡಿ ಅಕ್ಕೋರ. ಪ್ರೋಗ್ರಾಮು ನಮ್ಮ ಕಪಾಟಿನ್ಯಾಗ ಐತಿ ಅಂತ ನಾವ ನಿಶ್ಚಿಂತಿ ಇದ್ವಿ. ಇದರಿಂದ ಚೀಟಿ ತಗಿಯೋದು ಹೆಂಗಂತ ಯಾರಿಗೂ ತಿಳೀವಲ್ದು. ಹುನಗುಂದದ ಟೈಪಿಂಗಿನವರಿಗೆ ತೋರಸಿದೆ. ಅವರೂ ಅಡ್ಡ ಉದ್ದ ನೋಡಿ ತಿರಗಿ ಕೊಟ್ರು.”

ತಪ್ಪು ಅವರದಲ್ಲ. ಮಾಲು ಕೊಂಡಿದ್ದಾರೆ, ಕಪಾಟಿನಲ್ಲಿ ಇಟ್ಟಿದ್ದಾರೆ. ಆ ಕಾಗದ ಬರಿ ಕಾಗದವೆಂದು, ಅದು ನಡೆಯಬೇಕಾದರೆ ಮಶೀನು ಬೇಕು, ಪ್ರತಿ ಬಟವಾಡೆಗೂ ಲೆಕ್ಕ ತುಂಬುವವರು ಬೇಕು ಎಂದು ನಾನು ಒಂದು ದಿನವಾದರೂ ಬಿಡಿಸಿ ಹೇಳಿದ್ದೆನೆ? ತಿಳಿಯಲು ಎರಡು, ಬರೆಯಲು ಐದು, ತಿದ್ದಲು ಎರಡು, ಹೆದರಿಕೆಗೆ ಒಂದು. ನಡೆಸಲು? ಅದಕ್ಕೆ ನನ್ನ ಅಂದಾಜಿನಲ್ಲಿ ಜಾಗವೇ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ ಅಲ್ಲವೇ ಎಂದು ಬಿಟ್ಟಿದ್ದೆ. ಆ ಎಲ್ಲರಲ್ಲಿ ಈ ಸಲ ಅವರಿರಲಿಲ್ಲ.

ಅವರ ಕಣ್ಣು ಬಾಗಿಲ ಹತ್ತಿರದ ಡಬ್ಬಿಗಳ ಮೇಲೆ ಬಿತ್ತು. ಏನಿವು ಎಂದು ಕೇಳಿದರು. ಹೇಳಿದೆ. ಅವರು ಡಬ್ಬಿಗಳನ್ನೂ ನನ್ನನ್ನೂ ನೋಡುತ್ತ ಕುರ್ಚಿಯ ಮೇಲೆ ಕುಸಿದರು. “ಮಂದಿಗೆ ಹೇಳಿಬಿಟ್ಟೇನ್ರಿ. ಪಂಚಮಿಗೆ ಎಳಿ ಬಿಸಲಿನ್ಯಾಗ ರೊಕ್ಕ ಕೈಯಾಗ ಇರತೈತಿ, ಸಂತಿ ಮಾಡಕೊಂಡ ಮನಿಗೆ ಹೋಗ್ರಿ ಅಂದೇನಿ,” ಎಂದು ನಿಧಾನವಾಗಿ ಹೇಳಿದರು.

ನಾನು ಮಾಲಕರ ಮುಖ ನೋಡಲಿಲ್ಲ, ನೋಡಿದ್ದರೆ ಧೈರ್ಯ ಸಾಲುತ್ತಿರಲಿಲ್ಲ. ಡಬ್ಬಿ ಒಡೆದೆ. ವಯರುಗಳನ್ನು ಜೋಡಿಸಿ, ಫ್ಲಾಪಿ ಹಾಕಿ, ಅವರು ವಹಿ ನೋಡಿ ಹೇಳುತ್ತ ಹೋದಂತೆ ತುಂಬುತ್ತ ಹೋದೆ. ಹೆಸರು, ಉದ್ದ, ದಡಿ, ಒಡಲು. ಮಾಲಕರು ಬಂದು ಬೆನ್ನ ಹಿಂದೆ ನಿಂತದ್ದು ತಿಳಿಯಿತು; ತಟ್ಟಿಗೆ ನೀರು ಚಿಮುಕಿಸಿ ಹೋದರು. ಊಟದ ಹೊತ್ತು ದಾಟಿದ ಮೇಲೆ ಪ್ರಿಂಟರು ಕಿರ್ರೆಂದಿತು. ಚೀಟಿಗಳು ಒಂದಕ್ಕೊಂದು ಅಂಟಿಕೊಂಡು ನೆಲಕ್ಕೆ ಇಳಿಯತೊಡಗಿದವು. ಕಾರ್ಯದರ್ಶಿಗಳು ಅಲ್ಲೊಂದು ಇಲ್ಲೊಂದು ಹಿಡಿದು ಬಾಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದರು. ದರ ಏರಿದ ದಡಿಯವರ ಚೀಟಿ ಬಂದಾಗ ನಾನು ಕೀಲಿಯಿಂದ ಕೈ ತೆಗೆದು ಅವರ ಮುಖ ನೋಡಿದೆ. ಅವರು ಸರಿ ಐತಿ ಎಂದು ತಲೆಯಾಡಿಸಿದರು.

ಹೊರಗೆ ಟೆಂಪೋದ ಹಾರ್ನು ಕೇಳಿತು. ಮೂವರೂ ಬಾಗಿಲ ಕಡೆ ನೋಡಿದೆವು.

“ಇದಕ್ಕ ಏನ ಹಚ್ಚತೀರಿ ಅಕ್ಕೋರ? ಪ್ರತಿ ಸಲ ಹಿಂಗ ತಗದ ಕೊಡಾಕ?” ಎಂದರು ಕಾರ್ಯದರ್ಶಿಗಳು.

ಬಾಡಿಗೆ, ಕಾಗದ, ಕರೆಂಟು, ನಾನು. ಈ ಸಲ ಕೂಡಿಸಿ ಭಾಗಿಸಲು ಬೆರಳು ಬೇಕಾಗಲಿಲ್ಲ. ಅಂಕಿ ಹೇಳಿ, “ವಾರಕ್ಕ,” ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅವರು ಬೆರಳೆತ್ತಿದರು. “ಯಾವ ವಾರರಿ?”

“ಸಂತಿ ವಾರರಿ. ಈ ಸಂತಿಯಿಂದ ಮುಂದಿನ ಸಂತಿಗೆ.”

“ಹಂಗ ಬಿಡಿಸಿ ಹೇಳ್ರಿ ಮತ್ತ. ಅಧ್ಯಕ್ಷರಿಗೆ ನಾ ಹೇಳ್ತೇನಿ.”

ಮಾಲಕರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಟೆಂಪೋದವನ ಜೊತೆ ಅವರ ವಾದ ಕೇಳುತ್ತಿತ್ತು, ಬಂದು ಹೋಗುವ ಖರ್ಚು ಯಾರದೆಂದು. ಅದನ್ನೂ ಯಾರೂ ಅಂದಾಜಿನಲ್ಲಿ ಹಿಡಿದಿರಲಿಲ್ಲ. ಆಮೇಲೆ ಖಾಲಿ ಟೆಂಪೋದ ಇಂಜಿನ್ನಿನ ಸದ್ದು ಪೇಟೆಯ ತಿರುವಿನ ತನಕ ಹೋಗಿ ಕೇಳದಾಯಿತು. ಎದೆಯ ಮೇಲಿಂದ ಯಾರೋ ಎದ್ದುಹೋದಂತೆ ನನಗೆ ಉಸಿರು ಬಂತು.

ತಿರುಗಿ ನೋಡಿದರೆ ಕಾರ್ಯದರ್ಶಿಗಳು ಚೀಟಿಯ ಉದ್ದನೆಯ ಪಟ್ಟಿಯನ್ನು ನೆಲದಿಂದ ಎತ್ತಿ, ಮೊಣಕೈಯಿಂದ ಬೆರಳ ತುದಿಗೆ, ಬೆರಳ ತುದಿಯಿಂದ ಮೊಣಕೈಗೆ ಒಂದೊಂದೇ ಮೊಳ ಎಳೆದುಕೊಳ್ಳುತ್ತಿದ್ದರು.

“ಅಳೀಬ್ಯಾಡ್ರಿ,” ಎಂದೆ.

“ಅಳ್ಯಾಕತ್ತಿಲ್ರಿ ಅಕ್ಕೋರ,” ಎಂದರು ಅವರು, ಕೈ ನಿಲ್ಲಿಸದೆ. “ಮಡಚಾಕತ್ತೇನಿ.”